ಒಂದೇ ಅಲೆಯ ಮೇಲೆ ಎರಡು ಬಾನುಲಿ

ಧಾರವಾಡ ಆಕಾಶವಾಣಿ ೧೯೫೦ರಲ್ಲಿ ಆರಂಭವಾಯಿತು. ಮುಂದೆ ಅದರ ೭೬೫ ಕಿಲೋಹರ್ಟ್ಸ್ ಅಲೆಯ ಮೇಲೆ ಮಳೆ-ಬೆಳೆಯ ಮಾತು ಕನ್ನಡದಲ್ಲಿಯೇ ಡಫಳಾಪುರದ ಕಡೆಗೂ ಬಂದಿತು.

ಇಂಥ ಮಧ್ಯಮ ಅಲೆ ಹಗಲು ನೆಲ ಹಿಡಿದು ನಡೆಯುತ್ತದೆ. ರಾತ್ರಿ ಬಾನಿನ ಮೇಲ್ಪದರಕ್ಕೆ ತಾಗಿ ನೂರಾರು ಮೈಲು ದೂರ ಬೀಳುತ್ತದೆ. ಆಗ ಅದೇ ಅಲೆಯ ಇನ್ನೊಂದು ಕೇಂದ್ರ ಬಂದು ಕೂಡಿದರೆ ದನಿ ಏರಿಳಿಯುತ್ತದೆ.

ಎರಡೂ ಕಡೆ ಒಂದೇ ಕಾರ್ಯಕ್ರಮವಿದ್ದರೆ, ಕರಾರುವಾಕ್ಕಾದ ಗಡಿಯಾರಕ್ಕೆ ಅವನ್ನು ಕಟ್ಟಿ, ಜೋಡೆತ್ತಿನಂತೆ ಹೆಜ್ಜೆ ಕೂಡಿಸಬಹುದು. ಆದರೂ ನಡುವೆ ಎರಡರ ಬಲ ಸಮನಾದಲ್ಲಿ, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ದನಿ ಕೆಡುತ್ತದೆ. ೭೬೫ರಲ್ಲಿ ಇಂಥ ತಾವು ಸುಮಾರು ೧೯೬ ಮೀಟರಿಗೊಂದು. ನಿಮ್ಮ ಹೊಲದಲ್ಲಿ ಕೇಳದ್ದು ನೆರೆಯವನ ಒಡ್ಡಿನ ಮೇಲೆ ಕೇಳೀತು!

ರೇಡಿಯೋ ರಿಪೇರಿಗೆ ಒಯ್ಯುವ ಮುನ್ನ ಅದನ್ನು ಮೆಲ್ಲಗೆ ತಿರುಗಿಸಿ ನೋಡಿರಿ. ಒಳಗಿನ ಕಡ್ಡಿಯ ತುದಿ ಬೇಡದ ಕೇಂದ್ರದತ್ತ ಹೊರಳಿದಾಗ ಅದರ ದನಿ ಅಡಗುತ್ತದೆ.