ನಮ್ಮ ಪರವಾಗಿ ಅವರು ಏನು ಕೇಳಿದರು?

ಓದುಗ ಸೋದರಿಯರೇ, ಹಾಲಿನವನ ಲೆಕ್ಕ ನೀವು ಎಲ್ಲಿ ಬರೆದಿಡುತ್ತೀರಿ? ನಮ್ಮ ಮನೆಯಲ್ಲಿ ಅಡುಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ. ಬಾರದ ದಿನಕ್ಕೆ ಒಂದು ಸೊನ್ನೆ, ಅರ್ಧ ಲೀಟರು ಹೆಚ್ಚು ತಕೊಂಡ ದಿನಕ್ಕೆ ಒಂದು ಗೀಟು. ತಿಂಗಳ ಕೊನೆಗೆ ಎರಡು ರೂಪಾಯಿ ಹೆಚ್ಚುಕಡಿಮೆಯಾದರೂ ನಾವು ಬಿಡುವವರಲ್ಲ. ಆದರೆ ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಆರಿಸಿ ಕಳಿಸುತ್ತೇವಲ್ಲ, ಆ ಆಮದಾರರ ಲೆಕ್ಕ, ಖಾಸದಾರರ ಲೆಕ್ಕ? (ನಮ್ಮ ಕಾರವಾರದ ಕಡೆ ಹಳಬರು ಶಾಸಕರಿಗೆ ಆಮದಾರರು, ಲೋಕಸಭಾ ಸದಸ್ಯರಿಗೆ ಖಾಸದಾರರು ಅಂತಲೇ ಹೇಳುವುದು.) ಅದನ್ನು ಬರೆದಿಡುವ ಕ್ಯಾಲೆಂಡರು ನನ್ನ ಮನೆಯಲ್ಲೂ ಇರಲಿಲ್ಲ.

ಅದರ ಯೋಚನೆ ಹತ್ತಿದ್ದು 2024ರ ಆಗಸ್ಟ್ 7ರ ಬೆಳಿಗ್ಗೆ. ನಮ್ಮದು ಚಿತ್ತಾಕುಲ. ಕಾಳಿ ನದಿಯ ಈಚೆ ದಡದಲ್ಲಿ ನಾವು, ಆಚೆ ದಡದಲ್ಲಿ ಕೋಡಿಬಾಗ, ಅದರಾಚೆ ಕಾರವಾರ ಪೇಟೆ. ಆಸ್ಪತ್ರೆ, ಕಾಲೇಜು, ಕಚೇರಿ, ಸಂತೆ ಎಲ್ಲವೂ ಆಚೆಯೇ. ಹಿಂದಿನ ರಾತ್ರಿ ಒಂದು ಗಂಟೆಯ ಸುಮಾರಿಗೆ ಹಳೆಯ ಸೇತುವೆ ಕುಸಿದು ನದಿಗೆ ಬಿದ್ದಿತ್ತು. ಮೇಲಿದ್ದ ಒಂದು ಲಾರಿಯೂ ಬಿತ್ತು. ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಬದುಕಿಸಿದರು. ಅದಕ್ಕೆ ಮೂರು ವಾರ ಮುಂಚೆ, ಜುಲೈ 16ರಂದು, ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಅದೇ ಹೆದ್ದಾರಿಯ ಮೇಲೆ ಬಿದ್ದಿತ್ತು. ಆ ದುಃಖವೇ ಇನ್ನೂ ಆರಿರಲಿಲ್ಲ.

ನಮ್ಮ ಅತ್ತೆಯವರು ತಾರಿಯಲ್ಲಿ ಕೂತು ಕಾಳಿ ದಾಟಿದ ಕಾಲದವರು. "ತಾರಿ ಮುಳುಗೀತು ಅಂತ ಹೆದರಿಕೆ ಇತ್ತು, ಸೇತುವೆ ಮುಳುಗೀತು ಅಂತ ಯಾರಿಗೆ ಗೊತ್ತಿತ್ತು?" ಎಂದು ಜಗಲಿಯಲ್ಲಿ ಕೂತುಬಿಟ್ಟರು. ಮೀನು ತಂದವಳು ಬುಟ್ಟಿ ಇಳಿಸುತ್ತ ನನ್ನನ್ನೇ ಕೇಳಿದಳು: "ಅಲ್ಲ ಬಾಯೇ, ನೀವು ಓದಿದವರು. ಈ ಸೇತುವೆ ಗಟ್ಟಿ ಉಂಟೋ ಇಲ್ಲವೋ ಅಂತ ಕೇಳುವ ಕೆಲಸ ಯಾರದ್ದು?"

ನಾನು ಎಸ್ಸೆಸ್ಸೆಲ್ಸಿ ಓದಿದವಳು. ಪೌರನೀತಿಯಲ್ಲಿ ಒಳ್ಳೇ ಅಂಕವೇ ಬಂದಿತ್ತು. ಆದರೂ ಉತ್ತರ ಬಾಯಿಗೆ ಬರಲಿಲ್ಲ. ಬಂಗಡೆಯ ದುಡ್ಡು ಕೊಟ್ಟು ಒಳಗೆ ಬಂದೆ, ಆದರೆ ಅವಳ ಮಾತು ಒಳಗೆ ಕೊರೆಯುತ್ತಲೇ ಇತ್ತು. ಆಮೇಲೆ ಬಿಡುವಾದಾಗಲೆಲ್ಲ ಗ್ರಂಥಾಲಯದ ಪುಸ್ತಕ, ಮಗನ ಮೊಬೈಲು, ಹಳೆಯ ಪತ್ರಿಕೆ ಎಲ್ಲ ಜಾಲಾಡಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಮತದ ಮಾತು. ನಮ್ಮ ಸದಸ್ಯರು ಯಾವುದಕ್ಕೆ ಹೌದು ಅಂದರು, ಯಾವುದಕ್ಕೆ ಇಲ್ಲ ಅಂದರು ಎಂದು ನೋಡಿದರೆ ಎಲ್ಲ ತಿಳಿಯುತ್ತದೆ ಎಂದೇ ನಾನೂ ಅಂದುಕೊಂಡಿದ್ದೆ. ಹಾಗಿಲ್ಲ ನೋಡಿ. ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಮುಗಿದುಹೋಗುತ್ತವೆ. 'ಹೌದು' ಎನ್ನುವವರು ಕೂಗುತ್ತಾರೆ, 'ಇಲ್ಲ' ಎನ್ನುವವರು ಕೂಗುತ್ತಾರೆ, ಸಭಾಧ್ಯಕ್ಷರು ಕಿವಿಗೊಟ್ಟು ತೀರ್ಪು ಹೇಳುತ್ತಾರೆ. ಯಾರ ಹೆಸರೂ ಬರೆದಿರುವುದಿಲ್ಲ. ಮದುವೆಮನೆಯಲ್ಲಿ "ಇನ್ನೊಂದು ಹೋಳಿಗೆ ಯಾರಿಗೆ?" ಎಂದು ಕೇಳಿದ ಹಾಗೆ. ಯಾರಾದರೂ ಹಟ ಹಿಡಿದು ಎಣಿಸಿ ಎಂದಾಗ ಮಾತ್ರ ಮತ ವಿಭಜನೆ. ಸಂವಿಧಾನ ತಿದ್ದುಪಡಿಯಾದರೆ ಎಣಿಸಲೇಬೇಕು.

ಎಣಿಸಿದಾಗ ಒಂದೊಂದು ಮತಕ್ಕೂ ಎಷ್ಟು ಬೆಲೆ ಗೊತ್ತೇ? 1970ರ ಸೆಪ್ಟೆಂಬರಿನಲ್ಲಿ ಮಾಜಿ ಮಹಾರಾಜರ ರಾಜಧನ ರದ್ದು ಮಾಡುವ ತಿದ್ದುಪಡಿ ಲೋಕಸಭೆಯಲ್ಲಿ ಗೆದ್ದು ರಾಜ್ಯಸಭೆಗೆ ಹೋಯಿತು. ಅಲ್ಲಿ ಪರ 149, ವಿರುದ್ಧ 75. ಮೂರರಲ್ಲಿ ಎರಡು ಪಾಲು ಬೇಕಿತ್ತು. ಲೆಕ್ಕ ಹಾಕಿ ನೋಡಿ, ಒಂದು ಮತಕ್ಕಿಂತಲೂ ಕಡಿಮೆ ಅಂತರದಲ್ಲಿ ಬಿದ್ದುಹೋಯಿತು! 1999ರ ಏಪ್ರಿಲ್ 17ರಂದು ವಾಜಪೇಯಿ ಸರಕಾರ ಬಿದ್ದದ್ದು 269ಕ್ಕೆ 270ರಿಂದ. ಇನ್ನು ನಮ್ಮ ಹೆಂಗಸರ ಮೀಸಲಾತಿಯ ಮಸೂದೆ ವರ್ಷಗಟ್ಟಲೆ ಮೂಲೆಯಲ್ಲಿದ್ದು, 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ ಪಾಸಾಯಿತಲ್ಲ, ಅದಕ್ಕೆ ಪರ 454, ವಿರುದ್ಧ ಬರೇ 2.

ಆದರೆ ದಿನನಿತ್ಯದ ಮತ ಸದಸ್ಯರ ಸ್ವಂತದ್ದಲ್ಲ. ಪಕ್ಷದ ಸಚೇತಕರು 'ವಿಪ್' ಎಂಬ ಚೀಟಿ ಕೊಡುತ್ತಾರೆ. 1985ರಲ್ಲಿ ಪಕ್ಷಾಂತರ ತಡೆಯುವ ಕಾನೂನು ಬಂದ ಮೇಲೆ, ಆ ಚೀಟಿ ಮೀರಿ ಮತ ಹಾಕಿದರೂ, ಹೇಳದೆ ಕೇಳದೆ ಗೈರುಹಾಜರಾದರೂ ಕುರ್ಚಿಯೇ ಹೋಗಬಹುದು. ಹಾಗಾಗಿ ಮತದ ಪಟ್ಟಿ ನೋಡಿದರೆ ಪಕ್ಷ ಕಾಣುತ್ತದೆ, ಮನುಷ್ಯ ಕಾಣುವುದು ಅಪರೂಪ.

ಅಪರೂಪ ಎಂದೆ, ಇಲ್ಲವೇ ಇಲ್ಲ ಎನ್ನಲಿಲ್ಲ. 2019ರ ಜುಲೈ 23ರಂದು ಕುಮಾರಸ್ವಾಮಿಯವರ ವಿಶ್ವಾಸಮತಕ್ಕೆ ಪರ 99, ವಿರುದ್ಧ 105 ಬಂದು ಸರಕಾರ ಬಿತ್ತು. ಸದನಕ್ಕೆ ಬಾರದೆ ಉಳಿದವರಲ್ಲಿ ನಮ್ಮ ಜಿಲ್ಲೆಯ ಯಲ್ಲಾಪುರದ ಶಿವರಾಮ ಹೆಬ್ಬಾರರೂ ಒಬ್ಬರು. ಅನರ್ಹರಾದರು, ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಬೇರೆ ಪಕ್ಷದಿಂದ ಗೆದ್ದು ಬಂದರು. 2024ರ ಫೆಬ್ರವರಿಯ ರಾಜ್ಯಸಭಾ ಚುನಾವಣೆಯಲ್ಲಿ ಮತ ಹಾಕದೆ ಉಳಿದರು. 2025ರ ಮೇ ತಿಂಗಳಲ್ಲಿ ಆ ಪಕ್ಷವೂ ಅವರನ್ನು ಹೊರಹಾಕಿತು. ಸರಿಯೋ ತಪ್ಪೋ ಯಲ್ಲಾಪುರದವರು ತೂಗಿಕೊಳ್ಳಲಿ. ನಾನು ಹೇಳುವುದಿಷ್ಟೇ: ಹಾಲಿನ ಕ್ಯಾಲೆಂಡರಿನಲ್ಲಿ ಸೊನ್ನೆಗೂ ಲೆಕ್ಕವುಂಟು.

ಹಾಗಾದರೆ ಮನುಷ್ಯ ಕಾಣುವುದೆಲ್ಲಿ? ಪ್ರಶ್ನೆಯಲ್ಲಿ!

ಮಂತ್ರಿಯಾಗದೆ ಹಿಂದಿನ ಬೆಂಚಿನಲ್ಲಿ ಕೂತವರಿಗೆ ದೇವರು ಕೊಟ್ಟ ಒಂದೇ ಆಯುಧ ಅದು. ಇಂಥ ಪ್ರಶ್ನೆ ಕೇಳು ಎಂದು ಯಾವ ವಿಪ್ಪೂ ಹೇಳುವುದಿಲ್ಲ, ಕೇಳಬೇಡ ಎಂದು ಕುರ್ಚಿ ಕಸಿಯುವಂತೆಯೂ ಇಲ್ಲ. ಲೋಕಸಭೆಯಲ್ಲಿ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ ಪ್ರಶ್ನೋತ್ತರ ವೇಳೆ. ಹದಿನೈದು ದಿನ ಮುಂಚೆ ಬರೆದುಕೊಡಬೇಕು. ಬಂದ ರಾಶಿಯಲ್ಲಿ ಚೀಟಿ ಎತ್ತುತ್ತಾರೆ. ದಿನಕ್ಕೆ 20 ಪ್ರಶ್ನೆಗೆ ಚುಕ್ಕೆ ಗುರುತು. ಅವಕ್ಕೆ ಮಂತ್ರಿಗಳು ಎದ್ದು ನಿಂತು ಬಾಯಲ್ಲೇ ಉತ್ತರ ಹೇಳಬೇಕು. ಮೇಲಿಂದ ಉಪಪ್ರಶ್ನೆ ಬಂದರೆ ಅದಕ್ಕೂ ಹೇಳಬೇಕು, ಅಲ್ಲೇ ಅವರ ಹಣೆ ಬೆವರುವುದು. ಇನ್ನು 230 ಪ್ರಶ್ನೆಗೆ ಚುಕ್ಕೆ ಇಲ್ಲ, ಉತ್ತರ ಬರವಣಿಗೆಯಲ್ಲಿ. ನಮ್ಮ ವಿಧಾನಸಭೆಯಲ್ಲೂ ಚುಕ್ಕೆಯಿದ್ದದ್ದು, ಇಲ್ಲದ್ದು ಎಂದು ಎರಡು ಬಗೆ. ಮಂತ್ರಿ ಸದನದಲ್ಲಿ ಬೇಕೆಂದೇ ಸುಳ್ಳು ಹೇಳಿದರೆ ಹಕ್ಕುಚ್ಯುತಿ. ನಾವು ಕಚೇರಿಗೆ ಹತ್ತು ಅರ್ಜಿ ಹಾಕಿದರೂ ಸಿಗದ ಅಂಕಿ, ಅಲ್ಲಿ ಒಂದು ಪ್ರಶ್ನೆಗೆ ಅಚ್ಚಾಗಿ ಬರುತ್ತದೆ.

ಇದರ ಶಕ್ತಿ ಎಷ್ಟೆಂದರೆ, ನಮ್ಮ ವಿಮೆಯ ಹಣವನ್ನೇ ಒಮ್ಮೆ ಅದು ಕಾಪಾಡಿದೆ. ಎಲ್‌ಐಸಿ ಹುಟ್ಟಿದ್ದು 1956ರಲ್ಲಿ. ಮರುವರ್ಷವೇ ಮುಂಧ್ರಾ ಎಂಬ ವ್ಯಾಪಾರಿಯ ಕಂಪನಿಗಳ ಷೇರಿಗೆ ಅದರ ಕೋಟಿಗೂ ಮೀರಿದ ಹಣ ಹೋಯಿತು. ಲೋಕಸಭೆಯಲ್ಲಿ ಪ್ರಶ್ನೆ ಬಂದಾಗ ಉತ್ತರ ಜಾರಿಕೆಯದಾಗಿತ್ತು. ಬಿಡದೆ ಬೆನ್ನು ಹತ್ತಿದವರು ಫಿರೋಜ್ ಗಾಂಧಿ. ಕಾಂಗ್ರೆಸ್ಸಿನವರೇ, ಪ್ರಧಾನಿ ನೆಹರೂ ಅವರ ಅಳಿಯನೇ. ಕೂತದ್ದು ಮಾತ್ರ ಹಿಂದಿನ ಬೆಂಚಿನಲ್ಲಿ. 1957ರ ಡಿಸೆಂಬರಿನಲ್ಲಿ ಮಾವನ ಸರಕಾರವನ್ನೇ ನಿಲ್ಲಿಸಿ ಕೇಳಿದರು. ಛಾಗ್ಲಾ ಆಯೋಗ ಕೂತಿತು, 1958ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಮಾವನಮನೆಯವರೆದುರು ಒಂದು ಮಾತಾಡಲು ನಾವು ಎಷ್ಟು ಸಲ ನುಂಗಿಕೊಳ್ಳುತ್ತೇವೆ, ನೆನೆಸಿಕೊಳ್ಳಿ!

ನಮ್ಮ ಕಾರವಾರಕ್ಕೂ ಹಿಂದಿನ ಬೆಂಚಿನ ದೊಡ್ಡ ಪರಂಪರೆಯೇ ಇದೆ. 1952ರಿಂದ 1967ರವರೆಗೆ ಹದಿನೈದು ವರ್ಷ ಕೆನರಾ ಕ್ಷೇತ್ರದ ಸದಸ್ಯರು ಜೋಕಿಂ ಆಳ್ವ. ಉಡುಪಿಯಲ್ಲಿ ಹುಟ್ಟಿದವರು, ಸ್ವಾತಂತ್ರ್ಯಕ್ಕಾಗಿ ಜೈಲು ಕಂಡವರು, ಪತ್ರಿಕೆ ನಡೆಸಿದವರು. ಮೂರು ಸಲ ಗೆದ್ದರೂ ಮಂತ್ರಿಯಾಗಲಿಲ್ಲ. ಮಂತ್ರಿಯಾದದ್ದು ಅವರ ಹೆಂಡತಿ! ರಾಜ್ಯಸಭೆಯಲ್ಲಿದ್ದ ವಯಲೆಟ್ ಆಳ್ವ 1957ರಲ್ಲಿ ಗೃಹಖಾತೆಯ ಉಪಮಂತ್ರಿಯಾದರು. 1962ರಲ್ಲಿ ರಾಜ್ಯಸಭೆಯ ಉಪಸಭಾಪತಿ, ಆ ಪೀಠದಲ್ಲಿ ಕೂತ ಮೊದಲ ಹೆಂಗಸು. ಒಂದು ಸದನದಲ್ಲಿ ಗಂಡ "ಮಾನ್ಯ ಮಂತ್ರಿಗಳೇ" ಎಂದು ಏಳಬೇಕಾದವರು, ಇನ್ನೊಂದರಲ್ಲಿ ಹೆಂಡತಿ "ಶಾಂತರಾಗಿ, ಕೂತುಕೊಳ್ಳಿ" ಎನ್ನಬೇಕಾದವರು. ಮಂತ್ರಿಗಳು ಎರಡೂ ಸದನದಲ್ಲಿ ಉತ್ತರ ಕೊಡಬಹುದಾದ್ದರಿಂದ ಗಂಡನ ಪ್ರಶ್ನೆಗೆ ಹೆಂಡತಿ ಉತ್ತರ ಹೇಳಲೂ ನಿಯಮದ ಅಡ್ಡಿಯಿರಲಿಲ್ಲ. ನಮ್ಮ ಮನೆಗಳಲ್ಲಿ ದಿನವೂ ನಡೆಯುವುದು ಅದೇ ಅಲ್ಲವೇ, ಚುಕ್ಕೆ ಗುರುತಿಲ್ಲದೆ!

ಅವರ ನಂತರ 1967ರಲ್ಲಿ ಗೆದ್ದವರು ದಿನಕರ ದೇಸಾಯಿ. ಅಂಕೋಲೆಯ ಅಲಗೇರಿಯವರು, ಚುಟುಕದ ಕವಿ ಎಂದು ನಿಮಗೆಲ್ಲ ಗೊತ್ತೇ ಇದೆ. ರೈತರ ಜತೆ ನಿಂತದ್ದಕ್ಕೆ 1940ರಲ್ಲಿ ಬ್ರಿಟಿಷರು ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿದ್ದರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಶಾಲೆ ತಂದವರು. ಲೋಕಸಭೆಗೆ ಹೋದದ್ದು ಪಕ್ಷೇತರರಾಗಿ. ಹಿಂದೆ ವಿಪ್ ಇಲ್ಲ, ಮುಂದೆ ಮಂತ್ರಿಗಿರಿಯ ಆಸೆಯೂ ಇಲ್ಲ. 1971ರಲ್ಲಿ ಸೋತರು. ಸೋತವರೂ ಅಲ್ಲಿ ಆಡಿದ ಮಾತು ಸಂಸತ್ತಿನ ಸಂಪುಟಗಳಲ್ಲಿ ಉಳಿದಿರುತ್ತದೆ.

ಕೇಳಿದ ಕೂಡಲೇ ಆಗಿಬಿಡುತ್ತದೆಯೇ? ಇಲ್ಲ. ಗಡಿಯಾಚೆಯ ರಾಜಾಪುರದ ಸದಸ್ಯ ಬ್ಯಾರಿಸ್ಟರ್ ನಾಥ್ ಪೈ ಕೊಂಕಣಕ್ಕೆ ರೈಲು ಬೇಕೆಂದು ಸಂಸತ್ತಿನಲ್ಲಿ ದನಿಯೆತ್ತುತ್ತಲೇ ಇದ್ದರು. (ಬೆಳಗಾವಿಯ ವಿಷಯದಲ್ಲಿ ಅವರು ನಮ್ಮ ಎದುರು ಪಕ್ಷ, ಅದು ಬೇರೆ, ಇದು ಬೇರೆ.) 1971ರಲ್ಲಿ ತೀರಿಹೋದರು. ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರಲ್ಲಿ, ಹಳಿ ಪೂರ್ತಿಯಾದದ್ದು 1998ರ ಜನವರಿ 26ಕ್ಕೆ. ಇವತ್ತು ನಾನು ಅಸ್ನೋಟಿ ನಿಲ್ದಾಣದಲ್ಲಿ ಇಳಿದು ಮನೆಗೆ ಬರುವಾಗ ಆ ಪುಣ್ಯಾತ್ಮನ ನೆನಪಾಗುತ್ತದೆ.

ಎಷ್ಟು ಪ್ರಶ್ನೆ ಎಂದು ಮಾತ್ರ ಎಣಿಸಿ ಮೋಸಹೋಗಬೇಡಿ. ಲೋಕಸಭೆಯ ಜಾಲತಾಣದಲ್ಲಿ ಹೆಸರು ಹಾಕಿದರೆ ಪ್ರಶ್ನೆ, ಉತ್ತರ ಎರಡೂ ಸಿಗುತ್ತವೆ. ಪಿಆರ್‌ಎಸ್ ಎಂಬ ಸಂಸ್ಥೆಯವರು ಹಾಜರಿ, ಚರ್ಚೆ, ಪ್ರಶ್ನೆಗಳ ಸಂಖ್ಯೆಯನ್ನೂ ಕೊಡುತ್ತಾರೆ. ಆದರೆ ಮುನ್ನೂರು ಪ್ರಶ್ನೆ ಕೇಳಿದವರು ಮುನ್ನೂರನ್ನೂ ಯಾರೋ ಬರೆದುಕೊಟ್ಟಂತೆ ಕೇಳಿರಬಹುದು. 2005ರ ಡಿಸೆಂಬರಿನಲ್ಲಿ ಪ್ರಶ್ನೆ ಕೇಳಲು ದುಡ್ಡು ತೆಗೆದುಕೊಂಡರೆಂದು 11 ಸದಸ್ಯರನ್ನು ಸಂಸತ್ತಿನಿಂದ ಉಚ್ಚಾಟಿಸಿದ್ದು ಮರೆತಿಲ್ಲ ತಾನೇ? ಅದೇ ರೀತಿ ಸೊನ್ನೆ ಕಂಡ ಕೂಡಲೇ ಸೋಮಾರಿ ಎನ್ನಲೂಬೇಡಿ. ಮಂತ್ರಿಗಳು ಪ್ರಶ್ನೆ ಕೇಳುವಂತಿಲ್ಲ, ಸಭಾಧ್ಯಕ್ಷರೂ ಕೇಳುವಂತಿಲ್ಲ. ಶಿರಸಿಯ ವಿಶ್ವೇಶ್ವರ ಹೆಗಡೆ ಕಾಗೇರಿಯವರು 2019ರಿಂದ 2023ರವರೆಗೆ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದರು. ಆ ವರ್ಷಗಳ ಪ್ರಶ್ನೆಯ ಕಾಲಂ ಖಾಲಿಯಿದ್ದರೆ ಅದು ಪೀಠದ ನಿಯಮ. 2024ರಲ್ಲಿ ಲೋಕಸಭೆಗೆ ಹೋದ ಮೇಲಿನ ಲೆಕ್ಕ ಬೇರೆ.

ನಾನು ನೋಡುವುದು ಒಂದೇ: ಪ್ರಶ್ನೆಯಲ್ಲಿ ನಮ್ಮ ಊರಿನ ಹೆಸರು ಇದೆಯೇ? "ದೇಶದಲ್ಲಿ ಮೀನುಗಾರಿಕೆಗೆ ಏನು ಮಾಡಿದ್ದೀರಿ" ಎಂದರೆ ಎರಡು ಪುಟ ಯೋಜನೆಗಳ ಹೆಸರು ಉತ್ತರವಾಗಿ ಬರುತ್ತದೆ. "ಕಾರವಾರದಲ್ಲಿ ಎಷ್ಟು, ಯಾವಾಗ, ಯಾರು ಹೊಣೆ" ಎಂದರೆ ಅಂಕಿ ಬರಲೇಬೇಕು.

ಯಾವುದನ್ನು ಎಲ್ಲಿ ಕೇಳಿಸಬೇಕು ಎಂಬುದೂ ತಿಳಿದಿರಲಿ. ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಎಷ್ಟು ಕೂಗೆದ್ದಿತು! ಇವತ್ತಿಗೂ ಜೀವ ಕೈಯಲ್ಲಿ ಹಿಡಿದು ಗೋವೆಗೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡುವವರು ನಾವು. ಅದು ರಾಜ್ಯದ ವಿಷಯ, ಆಮದಾರರು ವಿಧಾನಸಭೆಯಲ್ಲಿ ಕೇಳಬೇಕು. ಸೀಬರ್ಡ್ ನೌಕಾನೆಲೆಗೆ ಮನೆ ಬಿಟ್ಟವರ ಪರಿಹಾರ, ರೈಲು, ರಾಷ್ಟ್ರೀಯ ಹೆದ್ದಾರಿ, ಇವು ಕೇಂದ್ರದವು, ಖಾಸದಾರರ ಪಾಲು. ಬೀದಿದೀಪ, ನಲ್ಲಿನೀರಿಗೆ ನಮ್ಮ ಪಂಚಾಯತಿಯ ಗ್ರಾಮಸಭೆಯೇ ಸಾಕು. ಮೀನಿನವಳ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು ನನಗೆ: ಸೇತುವೆ ಹೆದ್ದಾರಿಯದು, ಕೇಳುವ ಕೆಲಸ ಖಾಸದಾರರದ್ದು, ಅವರಿಂದ ಕೇಳಿಸುವ ಕೆಲಸ ನಮ್ಮದು.

ನಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ ಇದನ್ನು ಹೇಳಿದೆ. ಬಿದ್ದ ಸೇತುವೆಯ ಬಗ್ಗೆ ಯಾರು ಯಾವಾಗ ಕೇಳಬೇಕಿತ್ತು ಎಂದು ಕೂರುವುದಕ್ಕಿಂತ, ಉಳಿದ ಸೇತುವೆಯ ಬಗ್ಗೆ ಈಗ ಕೇಳಿಸುವುದು ವಾಸಿ ಎನಿಸಿತು. ನಮ್ಮ ಮಕ್ಕಳು ಕಾಲೇಜಿಗೆ ಹೋಗುವುದು ಅದರ ಮೇಲೆಯೇ. ಒಬ್ಬರು, "ಪತ್ರ ಬರೆದರೆ ಓದುತ್ತಾರೆಯೇ? ಕಸದ ಬುಟ್ಟಿಗೆ ಹೋಗುತ್ತದೆ" ಅಂದರು. ಇನ್ನೊಬ್ಬರು, "ಹಾಗಾದರೆ ರಿಜಿಸ್ಟರ್ ಅಂಚೆ ಮಾಡುವಾ, ರಶೀದಿ ನಮ್ಮ ಹತ್ತಿರ ಇರುತ್ತದೆ" ಅಂದರು. ನನಗೆ ಅದೇ ಸರಿ ಕಂಡಿತು.

ಪತ್ರ ಉದ್ದ ಬರೆಯಲಿಲ್ಲ. ಪ್ರಶ್ನೆಯಲ್ಲಿ ಅಭಿಪ್ರಾಯ ಇರಬಾರದು, ಬೈಗುಳ ಇರಬಾರದು, ಒಂದೇ ವಿಷಯ ಇರಬೇಕು, ಚಿಕ್ಕದಾಗಿರಬೇಕು ಎಂಬುದು ಸದನದ ನಿಯಮ. ಹಾಗೆಯೇ ಬರೆದೆವು: ಕಾಳಿ ನದಿಯ ಈಗಿನ ಸೇತುವೆಯನ್ನು ಕೊನೆಯದಾಗಿ ತಪಾಸಣೆ ಮಾಡಿದ ತಾರೀಖು ಯಾವುದು? ಮಾಡಿದವರು ಯಾರು? ವರದಿಯಲ್ಲಿ ಏನಿದೆ? ಮುಂದಿನ ತಪಾಸಣೆ ಯಾವಾಗ? ಕೆಳಗೆ ಹದಿನಾಲ್ಕು ಮಂದಿ ಸಹಿ ಹಾಕಿದೆವು. ಮೀನಿನವಳು ಹೆಬ್ಬೆಟ್ಟು ಒತ್ತಿ, "ಉತ್ತರ ಬಂದರೆ ನನಗೂ ಓದಿ ಹೇಳಬೇಕು ಬಾಯೇ" ಎಂದಳು. ರಶೀದಿಯನ್ನು ಹಾಲಿನ ಕ್ಯಾಲೆಂಡರಿನ ಮೊಳೆಗೇ ಸಿಕ್ಕಿಸಿದ್ದೇನೆ.