ಬೈಕಿನ ಕಾವು ಕಾಲಿಗೆ ತಟ್ಟದಿರಲಿ

"ರೀ, ಒಮ್ಮೆ ಇಂಜಿನ್ ಬಂದ್ ಮಾಡಿ, ಕಾಲು ಬೇಯ್ತಾ ಉಂಟು ನಂಗೆ!"

ಏಪ್ರಿಲ್ ತಿಂಗಳ ಮಧ್ಯಾಹ್ನ, ಗಂಟೆ ಒಂದೂವರೆ. ಉಡುಪಿಯ ಕಲ್ಸಂಕದಲ್ಲಿ ಎದುರಿಗೆ ಸಿಟಿ ಬಸ್ಸು, ಹಿಂದೆ ಟಿಪ್ಪರು, ಪಕ್ಕದಲ್ಲಿ ರಿಕ್ಷಾ. ನಡುವೆ ನಮ್ಮ ದೊಡ್ಡ ಬೈಕು. ಅದರ ರೇಡಿಯೇಟರಿನ ಫ್ಯಾನು ಗುಂಯ್ ಅಂತ ತಿರುಗಲು ಶುರುವಾದದ್ದೇ ತಡ, ಒಲೆಯ ಬಾಯಿಗೆ ಕಾಲೊಡ್ಡಿ ಕೂತ ಹಾಗೆ ಬಿಸಿಗಾಳಿ. ಮುಂದೆ ಕೂತ ನಮ್ಮವರು ಮಾತ್ರ ಹಾಯಾಗಿ, "ಇಷ್ಟಕ್ಕೆಲ್ಲ ಎಂತ ಮಾರಾಯ್ತಿ, ದೊಡ್ಡ ಬೈಕು ಅಂದ ಮೇಲೆ ಸ್ವಲ್ಪ ಬಿಸಿ ಇರ್ತದೆ" ಅಂದರು. ಅವರಿಗೆ ಆ ಬಿಸಿ ಗೊತ್ತೇ ಆಗುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ರಾತ್ರಿ.

ಮಗ ಕೆಲಸ ಅಂತ ಊರು ಬಿಟ್ಟ ಮೇಲೆ, ಐವತ್ತನಾಲ್ಕರ ಪ್ರಾಯದಲ್ಲಿ ಇವರಿಗೆ ಟೂರಿಂಗ್ ಬೈಕಿನ ಹುಚ್ಚು ಹತ್ತಿತು. ನಾನೂರು ಸಿಸಿ ಆಸುಪಾಸಿನದ್ದು. ನಾನೂ ಬೇಡ ಅನ್ನಲಿಲ್ಲ. ಮನೆಯಲ್ಲಿ ಇಬ್ಬರೇ ಕೂತು ಟಿವಿ ನೋಡುವುದಕ್ಕಿಂತ ವಾಸಿ ಅಲ್ವಾ? ಆ ದಿನ ಬೆಳಿಗ್ಗೆ ಕಾಪುವಿನಲ್ಲಿ 1901ರ ದೀಪಸ್ತಂಭದ ಬುಡದಲ್ಲಿ ಸ್ವಲ್ಪ ಹೊತ್ತು ಕೂತು, ಪಡುಬಿದ್ರಿ, ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಹೋಗಿದ್ದೆವು. ಗೊಮ್ಮಟನನ್ನು ನೋಡಿ, ಬೈಲೂರು, ಹಿರಿಯಡ್ಕ, ಮಣಿಪಾಲ ಅಂತ ಇಳಿದು ಬರುವಾಗ ಕಲ್ಸಂಕದಲ್ಲಿ ಸಿಕ್ಕಿಬಿದ್ದದ್ದು.

ರಾತ್ರಿ ಕಾಲು ತೊಳೆದು ಬಂದು ಕೂತರು. ನೋಡಿದರೆ ಬಲಗಾಲಿನ ಒಳಗಿನ ಹರಡಿನ ಮೇಲೆ ನಾಲ್ಕಾಣೆ ಅಗಲದ ಬೊಕ್ಕೆ! ಒಳಗೆ ನೀರು ತುಂಬಿಕೊಂಡಿದೆ. "ನೋಯ್ತಿಲ್ವಾ?" ಅಂದೆ. "ಎಲ್ಲಿ?" ಅಂತ ಬಗ್ಗಿ ನೋಡಿದರು. ನನಗೆ ಹೆದರಿಕೆಯಾದದ್ದು ಬೊಕ್ಕೆ ನೋಡಿ ಅಲ್ಲ, ಆ "ಎಲ್ಲಿ?" ಕೇಳಿ.

ಮೊದಲು ಕಾರ್ಕಳದ ಬಂಡೆಯ ಮೇಲೆ ಅನುಮಾನ ಬಂತು. ಅಲ್ಲಿ ಚಪ್ಪಲಿ ಬಿಟ್ಟೇ ನಡೆಯಬೇಕು, ಹನ್ನೊಂದರ ಬಿಸಿಲಿಗೆ ಕಲ್ಲು ಕಾದು ಕಾವಲಿಯಾಗಿತ್ತು. ನಾನು ಓಡೋಡಿ ನೆರಳು ಹುಡುಕಿದ್ದೆ, ಇವರು ಆರಾಮವಾಗಿ ನಿಂತು ಫೋಟೋ ತೆಗೆಯುತ್ತಿದ್ದರು. ಆದರೆ ಬಂಡೆ ಸುಡುವುದಾದರೆ ಅಂಗಾಲು ಸುಡಬೇಕು. ಹರಡಿನ ಒಳಭಾಗ ತಾಗುವುದು ಬೈಕಿನ ಇಂಜಿನಿಗೆ, ಅಲ್ಲೇ ಬಾಗಿ ಹೋಗುವ ಹೊಗೆ ಪೈಪಿಗೆ. ಇವರು ಹಾಕಿದ್ದು ಮಾಮೂಲಿ ಚಪ್ಪಲಿ.

ಮರುದಿನ ಡಾಕ್ಟರು ಬೊಕ್ಕೆಯನ್ನು ನೋಡುವುದಕ್ಕಿಂತ ಹೆಚ್ಚು ಹೊತ್ತು ಪಾದ ಪರೀಕ್ಷಿಸಿದರು. ಇವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಕಣ್ಣು ಮುಚ್ಚಿಸಿ, ಒಂದು ನೈಲಾನ್ ಎಳೆಯ ತುದಿಯನ್ನು ಪಾದದ ಅಲ್ಲಲ್ಲಿ ಬಾಗುವಷ್ಟು ಒತ್ತಿ, "ಗೊತ್ತಾದಾಗ ಹೇಳಿ" ಅಂದರು. ನಾನು ಪಕ್ಕದಲ್ಲಿ ಕೂತು ಎಣಿಸುತ್ತಿದ್ದೆ. ಹತ್ತು ಕಡೆ ಮುಟ್ಟಿದರೆ ಇವರು ಹೇಳಿದ್ದು ಐದು ಸಲ. ದೀರ್ಘಕಾಲದ ಸಕ್ಕರೆಯಿಂದ ಪಾದದ ನರಗಳು ಮಂದವಾಗುತ್ತವಂತೆ. ಬಿಸಿ, ಮುಳ್ಳು, ಶೂ ಒತ್ತಿದ್ದು ಯಾವುದೂ ತಿಳಿಯುವುದಿಲ್ಲ. ಜೊತೆಗೆ ಗಾಯವೂ ಬೇಗ ಮಾಯುವುದಿಲ್ಲ. ಸಣ್ಣ ಸುಟ್ಟಗಾಯವೇ ಹುಣ್ಣಾಗಿ, ಬೆರಳೋ ಪಾದವೋ ತೆಗೆಯುವ ತನಕ ಹೋಗಬಹುದು. ಡಾಕ್ಟರು ಬೈಕು ಬಿಡಿ ಅನ್ನಲಿಲ್ಲ. "ಬಿಸಿ ಗೊತ್ತಾಗುವುದಿಲ್ಲ ಅಂದ ಮೇಲೆ ಬಿಸಿ ತಾಗದ ಹಾಗೆ ನೋಡಿಕೊಳ್ಳಿ" ಅಂದರು. ಅಂದಿನಿಂದ ಆ ಇಂಜಿನ್ನಿನ ಬಗ್ಗೆ ನಾನು ಕೇಳಿದಷ್ಟು ಪ್ರಶ್ನೆಯನ್ನು ಇವರೂ ಕೇಳಿಲ್ಲ!

ಇಷ್ಟು ಬಿಸಿ ಎಲ್ಲಿಂದ?

ಬೈಕು ಕುಡಿಯುವ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಹೆಚ್ಚುಕಡಿಮೆ ಕಾಲು ಭಾಗ. ಉಳಿದ ಬಹುಪಾಲು ಕಾವಾಗಿ ಹೊರಗೆ ಹೋಗುತ್ತದೆ, ಸ್ವಲ್ಪ ಹೊಗೆಯ ಜೊತೆ, ಸ್ವಲ್ಪ ಇಂಜಿನ್ನಿನ ಮೈಯಿಂದ. ಹಳೆಯ ಬೈಕುಗಳ ಇಂಜಿನ್ನಿಗೆ ಪದರು ಪದರಾದ ರೆಕ್ಕೆಗಳಿರುತ್ತವಲ್ಲ, ಗಾಳಿ ತಾಗಿ ತಣ್ಣಗಾಗಲಿ ಅಂತಲೇ ಅವು. ಈಗಿನ ಅನೇಕ ದೊಡ್ಡ ಬೈಕುಗಳಲ್ಲಿ ಕಾರಿನ ಹಾಗೆ ಕೂಲಂಟ್ ಓಡುತ್ತದೆ, ಮುಂದುಗಡೆ ರೇಡಿಯೇಟರ್. ಗಾಡಿ ಓಡುವಾಗ ಎದುರುಗಾಳಿಯೇ ಅದನ್ನು ತಣಿಸುತ್ತದೆ. ನಿಂತಾಗ ಗಾಳಿ ಇಲ್ಲ, ಕೂಲಂಟ್ ಸುಮಾರು ನೂರು ಡಿಗ್ರಿ ಹತ್ತಿರ ಬಂದಾಗ ಫ್ಯಾನು ತಿರುಗುತ್ತದೆ, ಆ ಬಿಸಿಯನ್ನೆಲ್ಲ ಹಿಂದಕ್ಕೆ ತಳ್ಳುತ್ತದೆ. ಹಿಂದೆ ಯಾರಿದ್ದಾರೆ? ಸವಾರನ ಕಾಲುಗಳು! ಅಂದರೆ ಫ್ಯಾನು ತಿರುಗಿದರೆ ಗಾಡಿ ಹಾಳಾಗಿದೆ ಅಂತಲ್ಲ, ಅದು ಇಂಜಿನನ್ನು ಕಾಪಾಡುತ್ತಾ ಇದೆ.

ಇನ್ನೊಂದು ಕಾರಣ, 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ನಿಯಮ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಶುರುಮಾಡುವುದೇ ಇನ್ನೂರೈವತ್ತು, ಮುನ್ನೂರು ಡಿಗ್ರಿ ಕಾವಿನಲ್ಲಿ. ಬೇಗ ಕಾಯಲಿ ಅಂತ ಅದನ್ನು ಇಂಜಿನ್ನಿನ ಹತ್ತಿರವೇ ಇಡುತ್ತಾರೆ. ಊರಿನ ಗಾಳಿಗೆ ಒಳ್ಳೆಯದು, ನಮ್ಮ ಕಾಲಿಗೆ ಕಷ್ಟ.

ಹಾಗಂತ ಹಳೆಯ ಕಾಲದ ಬೈಕುಗಳು ತಂಪಾಗಿದ್ದವೆಂದು ಅಲ್ಲ. ನಮ್ಮ ಮೈಸೂರಿನಲ್ಲೇ 1961ರಿಂದ 1996ರ ತನಕ ತಯಾರಾದ ಜಾವಾ, ಯೆಜ್ಡಿ ನೆನಪಿದೆಯಾ? ಎರಡೂ ಪಕ್ಕ ಸೈಲೆನ್ಸರ್. ಯಾವ ಕಡೆಯಿಂದ ಇಳಿದರೂ ಕಾಲಿಗೆ ಒಂದು ಮುತ್ತು ಗ್ಯಾರಂಟಿ ಅಂತ ನನ್ನ ಅಕ್ಕ ನಗಾಡುತ್ತಿದ್ದಳು.

ಕರಾವಳಿಯ ಸೆಕೆಯಲ್ಲಿ ಒಂದು ವಿಚಿತ್ರ ಇದೆ. ಕಲಬುರಗಿಯ ನಲವತ್ತೆರಡು ಡಿಗ್ರಿ ಇಲ್ಲಿ ಇಲ್ಲ, ಮೂವತ್ಮೂರು, ಮೂವತ್ತನಾಲ್ಕಕ್ಕೇ ನಾವು ಬೆಂದು ಹೋಗುತ್ತೇವೆ. ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ, ಆರದ ಬೆವರು ಮೈ ತಣಿಸುವುದಿಲ್ಲ. ಇಂಜಿನ್ನಿಗೆ ಬೆವರುವ ತಾಪತ್ರಯ ಇಲ್ಲ. ಹಾಗಾಗಿ ಬೈಕು ಸುಖವಾಗಿರುವಾಗಲೂ ಕೂತವರು ಸುಸ್ತಾಗಿರಬಹುದು. ಮೀಟರಿನಲ್ಲಿ ಎಲ್ಲ ಸರಿ ತೋರಿಸ್ತಾ ಇದೆ ಅಂತ ಯಜಮಾನರು ವಾದ ಮಾಡಿದರೆ ಒಪ್ಪಬೇಡಿ.

ನಾವು ಮಾಡಿಕೊಂಡ ಬದಲಾವಣೆ

ಮೊದಲನೆಯದು ಶೂ. ಹರಡು ಪೂರ್ತಿ ಮುಚ್ಚುವ ದಪ್ಪ ಚರ್ಮದ ಶೂ, ಒಳಗೆ ಹತ್ತಿಯ ಕಾಲುಚೀಲ, ಮೇಲೆ ಜೀನ್ಸ್. ಸಕ್ಕರೆ ಇರುವವರು ಶೂವನ್ನು ಸಂಜೆ ಕೊಳ್ಳಬೇಕಂತೆ, ಆಗ ಪಾದ ಸ್ವಲ್ಪ ಊದಿರುತ್ತದೆ, ಬಿಗಿಯಾದದ್ದು ಆರಿಸುವ ತಪ್ಪು ಆಗುವುದಿಲ್ಲ. ಚಪ್ಪಲಿಯಲ್ಲಿ ಬೈಕು ಹತ್ತಿದರೆ ನಾನು ಹಿಂದೆ ಕೂರುವುದಿಲ್ಲ ಅಂದೆ. ಅದು ಕೆಲಸ ಮಾಡಿತು. ನೈಲಾನ್, ಪಾಲಿಯೆಸ್ಟರ್ ಪ್ಯಾಂಟು ಬೇಡ, ಬಿಸಿ ಪೈಪಿಗೆ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಎರಡನೆಯದು ಸಮಯ. ಬೆಳಿಗ್ಗೆ ಆರಕ್ಕೆ ಹೊರಟರೆ ಹತ್ತರ ಒಳಗೆ ಎಲ್ಲಾದರೂ ನೆರಳು ಸೇರುವುದು, ಮತ್ತೆ ನಾಲ್ಕರ ನಂತರ ಹೊರಡುವುದು. ಕಲ್ಸಂಕ, ಇಂದ್ರಾಳಿ, ಟೈಗರ್ ಸರ್ಕಲ್ಲಿನಲ್ಲಿ ಸಾಲು ನಿಂತರೆ ಅರ್ಧ ನಿಮಿಷಕ್ಕಿಂತ ಹೆಚ್ಚು ಕಾಯಬೇಕೆಂದು ಕಂಡ ಕೂಡಲೇ ಇಂಜಿನ್ ಬಂದ್. ಪೆಟ್ರೋಲೂ ಉಳಿಯಿತು.

ಓಡಿಸುವ ರೀತಿಯೂ ಇದೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಕ್ಲಚ್ಚನ್ನು ಅರ್ಧ ಹಿಡಿದುಕೊಂಡೇ ಹತ್ತಿಸಿದರೆ, ದೊಡ್ಡ ಗೇರಿನಲ್ಲೇ ಇಂಜಿನ್ ಉಬ್ಬಸಪಡುವ ಹಾಗೆ ಎಳೆಸಿದರೆ ಕಾವು ಏರದೆ ಇರುತ್ತದಾ? ಗೇರು ಇಳಿಸಿದರೆ ಇಂಜಿನ್ನಿಗೂ ಸಲೀಸು. ಟಯರಿನಲ್ಲಿ ಗಾಳಿ ಕಡಿಮೆ ಇದ್ದರೆ, ಬ್ರೇಕು ಹಿಡಿದುಕೊಂಡೇ ಇದ್ದರೆ, ಚೈನು ಒಣಗಿದ್ದರೆ ಇಂಜಿನ್ ಸುಮ್ಮನೆ ಹೆಚ್ಚು ದುಡಿಯುತ್ತದೆ.

ಸರ್ವೀಸಿಗೆ ಕೊಡುವಾಗ ನೀವೇ ಕೇಳಬಹುದಾದ ಎರಡು ಮಾತು. "ಕೂಲಂಟ್ ಮಟ್ಟ ನೋಡಿದ್ರಾ? ರೇಡಿಯೇಟರ್ ಜಾಲರಿ ತೊಳೆದ್ರಾ?" ನಮ್ಮ ಕಡೆಯ ಕೆಂಪು ಧೂಳು, ಮಳೆಗಾಲದ ಕೆಸರು, ಹುಳಹುಪ್ಪಟೆ ಸೇರಿ ಆ ಜಾಲರಿ ಕಟ್ಟಿಕೊಳ್ಳುತ್ತದೆ. ಮೆಲ್ಲನೆ ನೀರು ಬಿಟ್ಟು ತೊಳೆಯಬೇಕು, ಜೋರು ಪ್ರೆಷರ್ ಹೊಡೆದರೆ ತೆಳು ತಗಡು ಮಡಚಿ ಹೋಗುತ್ತದೆ. ಕೂಲಂಟ್ ಕಡಿಮೆಯಾದರೆ ಬಾವಿ ನೀರು ಸುರಿಯಬೇಡಿ. ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳವನ್ನಂತೂ ಮುಟ್ಟಲೇಬೇಡಿ. ಒತ್ತಡದಲ್ಲಿರುವ ನೀರು ಪ್ರೆಷರ್ ಕುಕ್ಕರಿನ ಹಾಗೆ ಮುಖಕ್ಕೇ ಚಿಮ್ಮುತ್ತದೆ. ಇಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಗಲಿ, ಆಯಿಲ್ ಕೂಡ ಕಾವು ಹೊರುವ ಕೆಲಸ ಮಾಡುತ್ತದೆ.

ನಮ್ಮ ಬೈಕಿನಲ್ಲಿ ಸಿಕ್ಕಿದ ನಿಜವಾದ ಕಳ್ಳ ಬೇರೆ. ಮುಂದಿನ ಲೆಗ್‌ಗಾರ್ಡಿಗೆ ಇವರು ಎರಡು ಚೀಲ ಕಟ್ಟಿದ್ದರು, ರೇನ್‌ಕೋಟು, ಪಂಕ್ಚರ್ ಕಿಟ್ಟು ಇಡಲಿಕ್ಕೆ. ನೋಡಲಿಕ್ಕೆ ಚೆಂದ, ಆದರೆ ಇಂಜಿನ್ನಿಗೆ ಹೋಗುವ ಗಾಳಿಗೆ ಅಡ್ಡ! ಚೀಲ ಹಿಂದಕ್ಕೆ ಹೋಯಿತು. ಹೊಗೆ ಪೈಪಿನ ಮೇಲಿನ ತಗಡಿನ ಹೊದಿಕೆಯ ಒಂದು ಸ್ಕ್ರೂ ಎಲ್ಲೋ ಬಿದ್ದುಹೋಗಿ, ಹೊದಿಕೆ ಪೈಪಿಗೇ ಒರಗಿಕೊಂಡು ಅದೂ ಕಾಯುತ್ತಿತ್ತು. ನಡುವೆ ಗಾಳಿಗೆ ಸಂದು ಇದ್ದರೆ ಮಾತ್ರ ಹೊದಿಕೆಗೆ ಅರ್ಥ. ಸ್ಕ್ರೂ ಹಾಕಿಸಿದ್ದಕ್ಕೆ ಆದ ಖರ್ಚು ಇಪ್ಪತ್ತು ರೂಪಾಯಿ.

ಪೈಪಿಗೆ ಬಟ್ಟೆಯ ಪಟ್ಟಿಯಂಥದ್ದು ಸುತ್ತಿಸಿ ಅಂತ ಒಬ್ಬರು ಸಲಹೆ ಕೊಟ್ಟರು. ಕಾಲಿಗೆ ಕಾವು ಕಡಿಮೆಯಾಗುವುದು ಹೌದು. ಆದರೆ ಅದು ನೀರು ಹಿಡಿದಿಟ್ಟುಕೊಂಡು ಪೈಪು ತುಕ್ಕು ಹಿಡಿಸುತ್ತದೆ. ಉಪ್ಪುಗಾಳಿಯ ಊರಿನಲ್ಲಿ, ನಾಲ್ಕು ತಿಂಗಳ ಮಳೆಯಲ್ಲಿ ನನಗಂತೂ ಅದು ಬೇಡ ಅನ್ನಿಸಿತು. ಸೈಲೆನ್ಸರನ್ನೇ ಬದಲಿಸುವ ಮಾತಂತೂ ಎತ್ತಬೇಡಿ ಅಂದೆ. ಅದು ಸದ್ದಿನ ಚಟ, ಕಾಲಿನ ಚಿಂತೆ ಅಲ್ಲ.

ಹಿಂದೆ ಕೂರುವವರಿಗೆ

ಹೆಚ್ಚಿನ ಬೈಕುಗಳ ಸೈಲೆನ್ಸರ್ ಬಲಗಡೆ. ಹತ್ತುವುದು ಇಳಿಯುವುದು ಯಾವಾಗಲೂ ಎಡಗಡೆಯಿಂದ, ಮಕ್ಕಳಿಗೂ ಇದನ್ನೇ ರೂಢಿ ಮಾಡಿಸಿ. ಸೀರೆ ಉಟ್ಟು ಎಡಕ್ಕೆ ಕಾಲು ಇಳಿಬಿಟ್ಟು ಕೂತರೆ ಬಿಸಿ ತಾಗುವುದು ಕಡಿಮೆ ನಿಜ, ಆದರೆ ಸೆರಗು ಚಕ್ರಕ್ಕೆ ಸಿಕ್ಕುವ ಭಯ. ಹಿಂಬದಿ ಚಕ್ರದ ಕನಿಷ್ಠ ಅರ್ಧ ಭಾಗ ಮುಚ್ಚುವ ಗಾರ್ಡು, ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಜಾಗ ಇರಲೇಬೇಕೆಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಗಾಡಿ ಚೆಂದ ಕಾಣಲಿ ಅಂತ ಗಂಡಸರು ಅದನ್ನು ಬಿಚ್ಚಿಸಿದ್ದರೆ ವಾಪಸ್ ಹಾಕಿಸಿ.

ಜೂನ್ ಬಂತೆಂದರೆ ಇನ್ನೊಂದು. ಪ್ಲಾಸ್ಟಿಕ್ ರೇನ್‌ಕೋಟಿನ ಅಂಚು ಸೈಲೆನ್ಸರಿಗೆ ತಾಗಿ ಚರ್ರನೆ ಕರಗಿ ಅಂಟಿದ ವಾಸನೆ ಗೊತ್ತಿಲ್ಲದ ಮನೆ ನಮ್ಮ ಉಡುಪಿಯಲ್ಲಿ ಇದೆಯಾ? ಉದ್ದದ ಕೋಟಿನ ಬದಲು ಪ್ಯಾಂಟು, ಜಾಕೆಟ್ಟಿನ ಜೋಡಿ ಒಳ್ಳೆಯದು. ಮನೆಗೆ ಬಂದ ಮೇಲೆ ಬೈಕನ್ನು ಮಕ್ಕಳು ಆಡುವ ಸಿಟೌಟಿನ ಪಕ್ಕ ನಿಲ್ಲಿಸಬೇಡಿ, ಸೈಲೆನ್ಸರ್ ಗೋಡೆ ಕಡೆಗಿರಲಿ. ನಿಲ್ಲಿಸಿದ ಎಷ್ಟೋ ಹೊತ್ತಿನ ತನಕ ಅದು ಸುಡುತ್ತಲೇ ಇರುತ್ತದೆ.

ಸುಟ್ಟುಬಿಟ್ಟರೆ?

ಅರುವತ್ತು ಡಿಗ್ರಿಯ ಬಿಸಿನೀರೇ ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಸೈಲೆನ್ಸರ್ ಅದಕ್ಕಿಂತ ಎಷ್ಟೋ ಬಿಸಿ. ತಾಗಿದ ಕೂಡಲೇ ನಳ್ಳಿಯ ತಣ್ಣೀರಿನ ಕೆಳಗೆ ಪೂರ್ತಿ ಇಪ್ಪತ್ತು ನಿಮಿಷ ಹಿಡಿಯಿರಿ. ಇಪ್ಪತ್ತು ನಿಮಿಷ ಅಂದರೆ ಬಹಳ ದೀರ್ಘ, ಗಡಿಯಾರ ನೋಡಿಕೊಳ್ಳಿ. ಕಾಲ್ಗೆಜ್ಜೆ, ಕಾಲುಂಗುರ ಊತ ಬರುವ ಮೊದಲೇ ತೆಗೆಯಿರಿ. ಐಸು ಬೇಡ. ಟೂತ್‌ಪೇಸ್ಟು, ಶಾಯಿ, ಅರಿಶಿನ, ಬೆಣ್ಣೆ ಯಾವುದೂ ಬೇಡ. ಬೊಕ್ಕೆ ಒಡೆಯದೆ, ಶುದ್ಧವಾದ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ. ಗಾಯ ಅಂಗೈ ಅಗಲಕ್ಕಿಂತ ದೊಡ್ಡದಾದರೆ, ಚರ್ಮ ಬಿಳಿಚಿಕೊಂಡಿದ್ದರೆ, ಮಗುವಾದರೆ ತಡ ಮಾಡದೆ ಡಾಕ್ಟರ ಹತ್ತಿರ. ಸಕ್ಕರೆ ಕಾಯಿಲೆ ಇದ್ದವರ ಕಾಲಿನ ಗಾಯ ಎಷ್ಟೇ ಚಿಕ್ಕದಿದ್ದರೂ ಅದೇ ದಿನ ತೋರಿಸಬೇಕು. ನಾವು ಮರುದಿನ ಹೋಗಿದ್ದಕ್ಕೆ ಬೈಸಿಕೊಂಡೆವು.

ಇವರ ಗಾಯ ಮಾಯಲು ಐದು ವಾರ ಬೇಕಾಯಿತು. ಆ ಐದು ವಾರ ಬೈಕು ಬಟ್ಟೆ ಹೊದ್ದುಕೊಂಡು ಮೂಲೆಯಲ್ಲಿತ್ತು, ಇವರು ಅದಕ್ಕಿಂತ ಮಂಕಾಗಿದ್ದರು. ಮಾರಿಬಿಡುವಾ ಅಂತ ಅವರೇ ಒಮ್ಮೆ ಅಂದರು. ನಾನು ಬೇಡ ಅಂದೆ. ಸಕ್ಕರೆ ಹಿಡಿತಕ್ಕೆ ಬರಲಿ ಅಂತ ಬೆಳಗ್ಗಿನ ವಾಕಿಂಗು ಶುರು ಮಾಡಿದ್ದೇ ಆ ಬೈಕಿನ ಆಸೆಗೆ.

ಹೋದ ಭಾನುವಾರ ಸಂಜೆ ನಾಲ್ಕೂವರೆಗೆ ಹೊರಟು ಕಾಪುವಿನ ಕಡಲತೀರಕ್ಕೆ ಹೋಗಿದ್ದೆವು. ಮರಳು ಆಗಲೇ ತಣ್ಣಗಾಗಿತ್ತು, ಆದರೂ ಶೂ ಬಿಚ್ಚಲು ನಾನು ಬಿಡಲಿಲ್ಲ. ಒಂದು ಬೊಂಡ ಕುಡಿದು, ಕತ್ತಲಾಗುವ ಹೊತ್ತಿಗೆ ವಾಪಸ್. ರಾತ್ರಿ ಊಟಕ್ಕೆ ಮುಂಚೆ ನಾನು ಕೇಳುವ ಮೊದಲೇ ಇವರು ಎರಡೂ ಕಾಲನ್ನು ಸ್ಟೂಲಿನ ಮೇಲೆ ಚಾಚಿ, "ಟಾರ್ಚು ತೆಕ್ಕೊಂಡು ಬಾ, ಇನ್‌ಸ್ಪೆಕ್ಷನ್ ಮುಗಿಸು, ಹಸಿವಾಗ್ತಾ ಉಂಟು" ಅಂದರು. ಬೆರಳ ಸಂದು, ಅಂಗಾಲು, ಹರಡು ಎಲ್ಲ ನೋಡಿದೆ. ಹಳೆಯ ಕಲೆ ಒಂದು ಬಿಟ್ಟರೆ ಬೇರೇನೂ ಇರಲಿಲ್ಲ.