ಡೊಳ್ಳು ಬಾರಿಸಿದರೆ ಕಂಪ್ಯೂಟರಿಗೆ ಬಿಕ್ಕಳಿಕೆ!

ಸಾಲ ಮಾಡಿ ಹೊಸ ಮಷೀನ್ ತರುವ ಮುಂಚೆ ಹಳೇದರ ಹೊರೆ ಇಳಿಸಿ ನೋಡ್ರಿ

ದಾವಣಗೆರೆ: ಮಂಡಿಪೇಟೆಯ ಗದ್ದಲ ದಾಟಿ, ಒಂದು ಅಂಗಡಿ ಪಕ್ಕದ ಇಕ್ಕಟ್ಟು ಮೆಟ್ಟಿಲು ಹತ್ತಿದರೆ ಹತ್ತಡಿ ಅಗಲದ ಕೋಣೆ. ಗೋಡೆಗೆ ಹಳೇ ಕಂಬಳಿ, ಬಾಗಿಲಿಗೆ ದಪ್ಪ ಪರದೆ. ಒಳಗೆ ಒಂದು ಕಂಪ್ಯೂಟರು, ಒಂದು ಕೀಬೋರ್ಡು, ಒಂದು ಮೈಕು. ಇದೇ ಸ್ಟುಡಿಯೋ. ಜವಳಿ ಅಂಗಡಿಯ ಆಷಾಢದ ರಿಯಾಯಿತಿ ಜಾಹೀರಾತು, ಆಟೋ ಮೇಲೆ ಕಟ್ಟಿಕೊಂಡು ಸಾರುವ ಎಲೆಕ್ಷನ್ ಹಾಡು, ಊರ ದೇವಿಯ ಭಕ್ತಿಗೀತೆ - ಇವೆಲ್ಲ ಹುಟ್ಟುವುದು ಇಂಥ ಕೋಣೆಗಳಲ್ಲೇ. ಬಸ್ಸಿನಲ್ಲಿ ಕೂತು ಕೇಳುವವರಿಗೆ ಅದು ಗೊತ್ತಿರುವುದಿಲ್ಲ, ಅಷ್ಟೇ.

ಕಳೆದ ವಾರ ಈ ಕೋಣೆಯಲ್ಲಿ ಸೂತಕದ ಕಳೆ. ಜಾತ್ರೆ ಹಾಡು ಶುಕ್ರವಾರ ಕೊಡಬೇಕು. ಸ್ಟುಡಿಯೋ ಹುಡುಗ ಕಂಪ್ಯೂಟರಿನೊಳಗೇ ಡೊಳ್ಳು, ಶಹನಾಯಿ, ಪಿಟೀಲುಗಳ ದಂಡು, ಕೊಳಲು, ಪಿಯಾನೋ ಎಲ್ಲ ಕೂಡಿಸಿದ್ದ. ಪಲ್ಲವಿ ಸಲೀಸಾಗಿ ಹೋಯಿತು. ಚರಣಕ್ಕೆ ಡೊಳ್ಳು ಶುರುವಾಯಿತೋ ಇಲ್ಲವೋ, ಕಂಪ್ಯೂಟರಿಗೆ ಬಿಕ್ಕಳಿಕೆ ಹತ್ತಿತು. ಕರ್ ಕರ್ ಎಂದಿತು, ನಿಂತಿತು, ಮತ್ತೆ ಎದ್ದಿತು, ಕೊನೆಗೆ ಪರದೆಯೇ ಮರಗಟ್ಟಿ ಕೂತಿತು.

ಬೆಂಗಳೂರಿನಿಂದ ಹೊಸ ಮಷೀನಿಗೆ ಕೊಟೇಶನ್ ತರಿಸಿದ. ಒಂದೂಕಾಲು ಲಕ್ಷ! ಸೊಸೈಟಿ ಸಾಲಕ್ಕೆ ಅರ್ಜಿ ಬರೆದು, ಭಾವನಿಂದ ಜಾಮೀನು ಸಹಿಯನ್ನೂ ಹಾಕಿಸಿ ಇಟ್ಟಿದ್ದ. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದವರು ಒಬ್ಬ ಹಳೇ ಮೇಷ್ಟ್ರು. ಒಂದು ಕಾಲಕ್ಕೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿ, ಫ್ಲಾಪಿ ಡಿಸ್ಕುಗಳನ್ನು ಜೇಬಿನಲ್ಲಿಟ್ಟುಕೊಂಡು ಊರೂರು ತಿರುಗಿದವರು.

"ಅರ್ಜಿ ಸ್ವಲ್ಪ ಆ ಕಡೆ ಇಡು ತಮ್ಮಾ. ಮೊದಲು ಏನೇನು ತುಂಬಿದ್ದೀಯ ತೋರ್ಸು."

"ಎಂಟು ಜಿಬಿ ಸಾಲ್ತಾ ಇಲ್ಲ ಮೇಷ್ಟ್ರೆ."

"ಎಂಟು ಜಿಬಿ! ನಮ್ಮ ಕಾಲಕ್ಕೆ ಎರಡು ಎಂಬಿ ಇದ್ರೆ ಸಾಹುಕಾರ ಅಂತಿದ್ರು ಕಣೋ."

ಎರಡು ಎಂಬಿಯ ಸಾಹುಕಾರಿಕೆ

ಮೇಷ್ಟ್ರು ಬುರುಡೆ ಬಿಟ್ಟಿದ್ದಲ್ಲ. ಕಂಪ್ಯೂಟರಿನ ಪಿಯಾನೋ ತಾನಾಗಿ ನಾದ ಹುಟ್ಟಿಸುವುದಿಲ್ಲ. ಯಾರೋ ನಿಜವಾದ ಪಿಯಾನೋದ ಒಂದೊಂದು ಮನೆ ಒತ್ತಿ, ಆ ನಾದ ಹಿಡಿದು ಇಟ್ಟಿರುತ್ತಾರೆ. ಇದಕ್ಕೆ ಸ್ಯಾಂಪಲ್ ಎಂದು ಹೆಸರು. ಕೀಬೋರ್ಡಿನ ಮನೆ ಒತ್ತಿದರೆ ಆ ಸ್ಯಾಂಪಲ್ ಹೊರಗೆ ಬರುತ್ತದೆ. ಇಂಗ್ಲೆಂಡಿನಲ್ಲಿ 1963ರಲ್ಲಿ ಬಂದ ಮೆಲೊಟ್ರಾನ್ ಎಂಬ ವಾದ್ಯದಲ್ಲಿ ಪ್ರತಿ ಮನೆಯ ಕೆಳಗೂ ಒಂದೊಂದು ಟೇಪು ಇತ್ತು. ಸುಮಾರು 8 ಸೆಕೆಂಡ್ ನುಡಿದರೆ ಟೇಪು ಮುಗಿಯಿತು. ಆಸ್ಟ್ರೇಲಿಯಾದಲ್ಲಿ 1979ರಲ್ಲಿ ಬಂದ ಫೇರ್‌ಲೈಟ್ ಆ ಕೆಲಸವನ್ನು ಕಂಪ್ಯೂಟರಿಗೆ ತಂದಿತು. ಅದರಲ್ಲಿ 8 ನಾದ ಒಟ್ಟಿಗೆ ಬರುತ್ತಿದ್ದವು, ಒಂದೊಂದು ನಾದಕ್ಕೆ ಇದ್ದ ಜಾಗ ಬರೀ 16 ಕೆಬಿ. 1988ರ ಅಕಾಯ್ ಎಸ್-1000 ಪೆಟ್ಟಿಗೆ ಕಂಪನಿಯಿಂದ ಬರುವಾಗ 2 ಎಂಬಿ ಮೆಮೊರಿ ಹೊತ್ತು ಬರುತ್ತಿತ್ತು. ಒಳ್ಳೆ ಗುಣಮಟ್ಟದಲ್ಲಿ ಸುಮಾರು 24 ಸೆಕೆಂಡಿನ ಒಂಟಿ ನಾದ ಹಿಡಿಯುವಷ್ಟು ಜಾಗ.

ಅಷ್ಟರಲ್ಲೇ ಹಾಡು ಮಾಡಿದರು. ಬೇಕಾದ್ದನ್ನು ಮಾತ್ರ ತುಂಬಿದರು, ಬೇಡದ್ದನ್ನು ಕತ್ತರಿಸಿದರು. ಹಾರ್ಮೋನಿಯಂ ಶ್ರುತಿಯಂಥ ಎಳೆದ ನಾದವಾದರೆ ಒಂದು ಚೂರು ಹಿಡಿದು, ಅದನ್ನೇ ಸುತ್ತಿಸಿ ಸುತ್ತಿಸಿ ಹಾಕಿದರು. ಈಗ ಜಾಗ ಹೆಚ್ಚಾಯಿತು, ಆ ಜಿಪುಣತನ ಹೋಯಿತು.

ಗೋಡೌನಿನ ಮಾಲೆಲ್ಲ ಕಪಾಟಿಗೆ

ಅಂಗಡಿಕಾರರಿಗೆ ಇದು ಬೇಗ ಅರ್ಥ ಆಗುವ ಮಾತು. ಹಾರ್ಡ್ ಡಿಸ್ಕ್ ಎಂದರೆ ಊರಾಚೆಯ ಗೋಡೌನು. ರ‍್ಯಾಮ್ ಎಂಬ ಮೆಮೊರಿ ಗಲ್ಲಾ ಪಕ್ಕದ ಕಪಾಟು. ಪ್ರೊಸೆಸರು ಮಾಲು ತೆಗೆದು, ಅಳೆದು, ಕಟ್ಟಿಕೊಡುವ ಹುಡುಗ. ಗೋಡೌನಿನ ಮಾಲನ್ನೆಲ್ಲ ತಂದು ಕಪಾಟಿಗೆ ತುರುಕಿದರೆ ಅಂಗಡಿಯಲ್ಲಿ ಕಾಲಿಡಲು ಜಾಗ ಇಲ್ಲ. ಒಬ್ಬನೇ ಹುಡುಗನಿಗೆ ನಲವತ್ತು ಗಿರಾಕಿ ಒಟ್ಟಿಗೆ ಕೂಗಿದರೆ ಅವನ ಕೈ ನಿಲ್ಲುತ್ತದೆ. ಹಾಡಿನಲ್ಲಿ ಕರ್ ಕರ್ ಎನ್ನುವುದು ಆ ಕೈ ನಿಂತ ಸದ್ದು.

ಲೆಕ್ಕ ಹಾಕಿ ನೋಡಬಹುದು. ಸೆಕೆಂಡಿಗೆ 48,000 ಅಳತೆ, ಒಂದು ಅಳತೆಗೆ 3 ಬೈಟು, ಎಡ-ಬಲ ಎರಡು ಸಾಲು. ಒಂದು ಸೆಕೆಂಡಿಗೆ 2,88,000 ಬೈಟು ಆಯಿತು. ಪಿಯಾನೋಕ್ಕೆ 88 ಮನೆ. ಮೆಲ್ಲಗೆ ಒತ್ತಿದರೆ ಒಂದು ನಾದ, ಗುದ್ದಿದರೆ ಇನ್ನೊಂದು. ಹೀಗೆ ಪ್ರತಿ ಮನೆಗೆ 8 ಬಗೆ, ಒಂದೊಂದೂ 10 ಸೆಕೆಂಡ್ ಎಂದು ಹಿಡಿದರೆ 704 ಸ್ಯಾಂಪಲ್, 7,040 ಸೆಕೆಂಡ್. ಗುಣಿಸಿದರೆ ಸುಮಾರು 2 ಜಿಬಿ. ಒಂದೇ ಒಂದು ಪಿಯಾನೋಕ್ಕೆ! ಅದನ್ನು ನಾಲ್ಕು ಮೈಕಿನಲ್ಲಿ ಬೇರೆ ಬೇರೆ ಹಿಡಿದಿದ್ದರೆ 8 ಜಿಬಿ. ಹುಡುಗನ ಕಪಾಟು ಅಲ್ಲಿಗೇ ಭರ್ತಿ.

ಇದಕ್ಕೆ ದಾರಿ ಬಂದದ್ದು 1998ರಲ್ಲಿ, ಗಿಗಾಸ್ಯಾಂಪ್ಲರ್ ಎಂಬ ತಂತ್ರಾಂಶದಿಂದ. ಪ್ರತಿ ಸ್ಯಾಂಪಲಿನ ತಲೆ ಮಾತ್ರ ಮೆಮೊರಿಯಲ್ಲಿ, ಉಳಿದ ಮೈಯೆಲ್ಲ ಡಿಸ್ಕಿನಲ್ಲಿ. ಮನೆ ಒತ್ತಿದಾಗ ತಲೆ ನುಡಿಯುತ್ತಿರುತ್ತದೆ, ಅಷ್ಟರೊಳಗೆ ಉಳಿದದ್ದು ಡಿಸ್ಕಿನಿಂದ ಹರಿದು ಬರುತ್ತದೆ. ಜವಳಿ ಅಂಗಡಿಯವರು ಪ್ರತಿ ಬಣ್ಣದ ಒಂದೊಂದೇ ಸೀರೆ ಮುಂದೆ ಇಟ್ಟು, ಗಿರಾಕಿ ನೋಡುತ್ತಿರುವಾಗ ಉಳಿದದ್ದನ್ನು ಒಳಗಿಂದ ತರಿಸುವುದಿಲ್ಲವೇ, ಹಾಗೆ. 2002ರಲ್ಲಿ ಬಂದು ಇಂದಿಗೂ ಸ್ಟುಡಿಯೋಗಳಲ್ಲಿ ಓಡುತ್ತಿರುವ ಕಾಂಟ್ಯಾಕ್ಟ್‌ನಲ್ಲೂ ಇದೇ ಪದ್ಧತಿ. ಒಂದು ಸ್ಯಾಂಪಲಿಗೆ 60 ಕೆಬಿ ಮಾತ್ರ ಮುಂದೆ ಇಟ್ಟರೆ, ಮೇಲಿನ 2 ಜಿಬಿ ಪಿಯಾನೋಕ್ಕೆ ಸಾಕಾಗುವುದು ಸುಮಾರು 42 ಎಂಬಿ. ಆ 60 ಕೆಬಿ ಎಂದರೆ ಸೆಕೆಂಡಿನ ಐದನೇ ಒಂದು ಭಾಗದ ನಾದ. ಡಿಸ್ಕಿಗೆ ಸಿಗುವ ಗಡುವು ಅಷ್ಟೇ.

ಮೇಷ್ಟ್ರ ಕತ್ತರಿ

ಚಾ ಕುಡಿದು ಮೇಷ್ಟ್ರು ಕೆಲಸಕ್ಕೆ ಇಳಿದರು. ಮೊದಲು ಹಾಡಿನ ಫೈಲಿಗೆ ಇನ್ನೊಂದು ನಕಲು ಮಾಡಿಸಿದರು. ಕೈತಪ್ಪಿ ಕೆಟ್ಟರೆ ಮೂಲ ಉಳಿಯಬೇಕಲ್ಲ.

ಒಂದು: ಡೊಳ್ಳಿನ ಮೈಕುಗಳು. ಹುಡುಗ ತುಂಬಿದ್ದ ಡೊಳ್ಳಿಗೆ ಹತ್ತಿರದ ಮೈಕು, ದೂರದ ಮೈಕು, ಹಿಂದಿನ ಮೈಕು, ಮೇಲಿನ ಮೈಕು ಎಂದು ನಾಲ್ಕು. ಒಂದು ಪೆಟ್ಟು ಹೊಡೆದರೆ ಕಂಪ್ಯೂಟರು ನಾಲ್ಕು ನಾದ ಎಳೆಯಬೇಕು. "ಜಾತ್ರೇಲಿ ಮೈಕ್‌ಸೆಟ್ ಕಹಳೆಯಿಂದ ಕೇಳೋ ಹಾಡಿಗೆ ನಾಲ್ಕು ಮೈಕು ಯಾಕೋ?" ಮೂರನ್ನು ತೆಗೆಸಿದರು. ಡೊಳ್ಳಿನ ಭಾರ ಕಾಲು ಭಾಗಕ್ಕೆ ಇಳಿಯಿತು.

ಎರಡು: ನುಡಿಸದ ನಾದ. ಈ ಹಾಡಿನಲ್ಲಿ ಕೊಳಲು ನುಡಿಯುವುದು ಹನ್ನೆರಡೇ ಸ್ವರ. ಆದರೆ ಕೊಳಲಿನ ಎಲ್ಲ ಸ್ವರ, ಎಲ್ಲ ಗಮಕ ಬಗೆಗಳೂ ಮೆಮೊರಿಯಲ್ಲಿ ಕೂತಿವೆ. ಕಾಂಟ್ಯಾಕ್ಟ್‌ನಲ್ಲಿ ಇದಕ್ಕೆ ಪರ್ಜ್ ಎಂಬ ಗುಂಡಿ ಇದೆ. ಎಲ್ಲ ಖಾಲಿ ಮಾಡಿ, ಹಾಡನ್ನು ಒಂದು ಸಲ ಮೊದಲಿನಿಂದ ಕೊನೆವರೆಗೆ ಓಡಿಸಿದರೆ, ನುಡಿದ ಸ್ವರ ಮಾತ್ರ ಒಳಗೆ ಬಂದು ಕೂರುತ್ತವೆ. ಮೊದಲನೇ ಓಟದಲ್ಲಿ ಅಲ್ಲಲ್ಲಿ ಸ್ವರ ತಡವಾದೀತು. ಎರಡನೇ ಓಟಕ್ಕೆ ಸರಿ.

ಮೂರು: ಮುಗಿದದ್ದನ್ನು ಫ್ರೀಜ್ ಮಾಡುವುದು. ಪಿಟೀಲುಗಳ ಭಾಗ ಮುಗಿದು ಎರಡು ದಿನವಾಗಿತ್ತು. ಆದರೂ ಪ್ರತಿ ಸಲ ಹಾಡು ಓಡಿಸಿದಾಗ ಕಂಪ್ಯೂಟರು ಆ ಪಿಟೀಲುಗಳನ್ನು ಹೊಸದಾಗಿ ನುಡಿಸುತ್ತಿತ್ತು. ಫ್ರೀಜ್ ಮಾಡಿದರೆ ಆ ಭಾಗ ಧ್ವನಿಮುದ್ರಿಸಿದ ಸಾದಾ ಫೈಲ್ ಆಗುತ್ತದೆ. ನಾಲ್ಕು ನಿಮಿಷದ ಹಾಡಿಗೆ ಡಿಸ್ಕಿನಲ್ಲಿ ಸುಮಾರು 69 ಎಂಬಿ ಜಾಗ ಹೋಗುತ್ತದೆ, ಆದರೆ ಪ್ರೊಸೆಸರಿಗೆ ಬಿಡುವು. ವಾದ್ಯವನ್ನು ಮೆಮೊರಿಯಿಂದ ಇಳಿಸು ಎಂಬ ಆಯ್ಕೆಯನ್ನೂ ಒತ್ತಿದರೆ ಕಪಾಟೂ ಖಾಲಿ. ಸ್ವರ ತಿದ್ದಬೇಕಾದರೆ ಫ್ರೀಜ್ ಬಿಡಿಸಿ ತಿದ್ದಿ, ಮತ್ತೆ ಫ್ರೀಜ್ ಮಾಡಿದರಾಯಿತು.

ನಾಲ್ಕು: ಗುಂಗು. ಗುಡಿಯೊಳಗೆ ಹಾಡಿದಂತೆ ಕೇಳಲಿ ಎಂದು ರಿವರ್ಬ್ ಹಾಕುತ್ತಾರೆ. ಹುಡುಗ ಹದಿನಾಲ್ಕು ಟ್ರ್ಯಾಕಿಗೆ ಹದಿನಾಲ್ಕು ರಿವರ್ಬ್ ಹಾಕಿದ್ದ! ಮೇಷ್ಟ್ರು ಎಲ್ಲ ಕಿತ್ತು, ಒಂದನ್ನೇ ಪ್ರತ್ಯೇಕ ಸಾಲಿನಲ್ಲಿ ಇಟ್ಟು, ಎಲ್ಲ ವಾದ್ಯಗಳೂ ಬೇಕಾದಷ್ಟು ಪಾಲು ಅದಕ್ಕೆ ಕಳಿಸುವಂತೆ ಮಾಡಿದರು. "ಎಲ್ಲರೂ ಒಂದೇ ಗುಡೀಲಿ ಕೂತು ಬಾರಿಸ್ತಾರೆ ಅಂದ್ಮೇಲೆ ಗುಡಿ ಒಂದೇ ಸಾಕು." ಹಾಡೂ ಮೊದಲಿಗಿಂತ ಒಂದಾಗಿ ಕೇಳಿಸಿತು.

ಐದು: ಸೀಟು ನಿಗದಿ. ಪೆಡಲ್ ಒತ್ತಿ ಹಿಡಿದು ಪಿಯಾನೋ ನುಡಿಸಿದರೆ ಹಳೇ ಸ್ವರಗಳು ಇಳಿಯುವುದೇ ಇಲ್ಲ, ಹೊಸವು ಹತ್ತುತ್ತಲೇ ಇರುತ್ತವೆ. ಸಂಜೆ ಆರು ಗಂಟೆಯ ಹರಿಹರದ ಬಸ್ಸು! ಇಷ್ಟೇ ನಾದ ಒಟ್ಟಿಗೆ ಎಂದು ಮಿತಿ ಹಾಕಬಹುದು. ಮಿತಿ ಮುಟ್ಟಿದಾಗ ಕ್ಷೀಣಿಸುತ್ತಿರುವ ಹಳೇ ಸ್ವರ ಇಳಿದು ಹೊಸದಕ್ಕೆ ಜಾಗ ಬಿಡುತ್ತದೆ. ತೀರಾ ಬಿಗಿ ಮಾಡಿದರೆ ಸ್ವರ ತುಂಡಾಗಿ ಕೇಳುತ್ತದೆ, ಕಿವಿಗೊಟ್ಟು ಹಾಕಬೇಕು.

ಆರು: ಬಫರ್. ಇದು ಪ್ರೊಸೆಸರಿಗೆ ಕೊಡುವ ಪುರಸೊತ್ತು. 128 ಅಳತೆ ಎಂದು ಇಟ್ಟರೆ 2.7 ಮಿಲಿಸೆಕೆಂಡಿಗೊಮ್ಮೆ ಮಾಲು ಒಪ್ಪಿಸಬೇಕು. 1,024 ಎಂದರೆ 21 ಮಿಲಿಸೆಕೆಂಡ್ ಸಿಗುತ್ತದೆ. ಕೀಬೋರ್ಡ್ ನುಡಿಸುವಾಗ ಕಡಿಮೆ ಇಡಬೇಕು, ಇಲ್ಲವಾದರೆ ಬೆರಳಿಗೂ ನಾದಕ್ಕೂ ಹೊಂದುವುದಿಲ್ಲ. ನುಡಿಸುವ ಕೆಲಸ ಮುಗಿದು ಮಿಕ್ಸ್ ಮಾಡುವಾಗ ಜಾಸ್ತಿ ಮಾಡಬೇಕು. ಹುಡುಗ ಎರಡಕ್ಕೂ 128 ಇಟ್ಟುಕೊಂಡೇ ಒದ್ದಾಡುತ್ತಿದ್ದ.

ಇಷ್ಟಾಗುವ ಹೊತ್ತಿಗೆ ಕೆಂಪಿಗೇರಿ ನಿಂತಿದ್ದ ಮೀಟರು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಚರಣ ಬಂತು, ಡೊಳ್ಳು ಬಂತು, ಬಿಕ್ಕಳಿಕೆ ಬರಲಿಲ್ಲ. ಹುಡುಗನ ಮುಖದಲ್ಲಿ ಮೂರು ದಿನದ ಮೇಲೆ ಕಳೆ.

ಖರ್ಚು ಬೇಕೇ ಬೇಕೆಂದರೆ

ಹಾಗೆಂದು ದುಡ್ಡೇ ಬೇಡ ಎಂದಲ್ಲ. ಹುಡುಗನ ಮಷೀನಿನಲ್ಲಿ ಇದ್ದದ್ದು ಬುಗುರಿಯಂತೆ ತಿರುಗುವ ಹಳೇ ಹಾರ್ಡ್ ಡಿಸ್ಕು. ಅದರ ಮುಳ್ಳು ಒಂದು ಸ್ಯಾಂಪಲಿನಿಂದ ಇನ್ನೊಂದಕ್ಕೆ ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿ ಸ್ಯಾಂಪಲುಗಳನ್ನು ಅದರಲ್ಲಿಟ್ಟರೆ, ಮುಂದೆ ಇಡುವ 60 ಕೆಬಿಯನ್ನು 12ಕ್ಕೆ ಇಳಿಸಿದರೂ ನಡೆಯುತ್ತದೆ. ಆಗ 42 ಎಂಬಿಯ ಪಿಯಾನೋ ಎಂಟೂವರೆ ಎಂಬಿಗೆ ಬಂತು. ಹಳೇ ಡಿಸ್ಕಿನಲ್ಲಿ ಈ ಸಾಹಸ ಮಾಡಿದರೆ ಕರ್ ಕರ್ ಇನ್ನೂ ಹೆಚ್ಚುತ್ತದೆ. ಅದರ ಮೇಲೆ ಇನ್ನೊಂದು ರ‍್ಯಾಮ್ ಪಟ್ಟಿ ಸೇರಿಸಲು ಮಷೀನಿನಲ್ಲಿ ಖಾಲಿ ಜಾಗವಿದೆಯೇ ನೋಡಬೇಕು. ಇವೆರಡೂ ಸಾವಿರಗಳ ಮಾತು, ಲಕ್ಷದ ಮಾತಲ್ಲ.

ಸಿನಿಮಾಕ್ಕೆ ಇಡೀ ವಾದ್ಯವೃಂದವನ್ನೇ ಕಂಪ್ಯೂಟರಿನಲ್ಲಿ ಕೂರಿಸುವವರಿಗೆ 64 ಜಿಬಿಯೂ ಸಾಲದೆ ಹೋಗುತ್ತದೆ, ಅದು ನಿಜ. ಆದರೆ ಜವಳಿ ಅಂಗಡಿ ಜಾಹೀರಾತಿಗೂ ಜಾತ್ರೆ ಹಾಡಿಗೂ ಅಷ್ಟು ದೊಡ್ಡ ಛತ್ರ ಹಿಡಿಯಬೇಕಾಗಿಲ್ಲ. ಯಾವುದು ತುಂಬಿದೆ - ಕಪಾಟೋ, ಗೋಡೌನಿನ ದಾರಿಯೋ, ಹುಡುಗನ ಕೈಯೋ - ಅಂತ ಮೀಟರ್ ನೋಡಿ ತಿಳಿಯದೆ ಕೊಟೇಶನ್ ತರಿಸಿದರೆ ಲಾಭ ಕೊಟೇಶನ್ ಕೊಟ್ಟವನಿಗೆ.

ಕಡೇ ಮಾತು

ಎದ್ದು ಹೊರಟ ಮೇಷ್ಟ್ರು ಬಾಗಿಲಲ್ಲಿ ನಿಂತು ಕೇಳಿದರು. "ಅಲ್ಲಾ ತಮ್ಮಾ, ನಮ್ಮೂರಲ್ಲಿ ಡೊಳ್ಳಿನೋರು ಇಲ್ವೇನೋ?"

"ಇದಾರೆ ಮೇಷ್ಟ್ರೆ. ಅವರ್ನ ಕರೆಸಿದ್ರೆ ಸಂಭಾವನೆ ಕೊಡ್ಬೇಕಲ್ಲ."

"ಒಂದೂಕಾಲು ಲಕ್ಷಕ್ಕೆ ಎಷ್ಟು ಜನಕ್ಕೆ, ಎಷ್ಟು ಸಲ ಕೊಡಬಹುದು, ಲೆಕ್ಕ ಹಾಕು."

ಹುಡುಗ ಲೆಕ್ಕ ಹಾಕಿದ. ಗುರುವಾರ ಸಂಜೆ ಮೆಟ್ಟಿಲ ಮೇಲೆ ಡೊಳ್ಳು ಹತ್ತಿಸಲು ನಾಲ್ಕು ಜನ ತಿಣುಕಿದರು. ಒಂದು ಮೈಕು ಇಟ್ಟು, ಕೆಳಗಿನ ಅಂಗಡಿಯವರಿಗೆ ಮೊದಲೇ ಹೇಳಿ, ನಾಲ್ಕು ನಿಮಿಷ ಬಾರಿಸಿ ಹಿಡಿದರು. ಒಂದೇ ಸಾಲಿನ ಫೈಲು, ಸುಮಾರು 35 ಎಂಬಿ. ಮೆಮೊರಿಗೆ ಭಾರವಿಲ್ಲ, ಪ್ರೊಸೆಸರಿಗೆ ಗೊತ್ತೇ ಆಗಲಿಲ್ಲ. ಬಾರಿಸಿದವನಿಗೆ ಅವತ್ತಿನ ದುಡಿಮೆ ಆಯಿತು. ಕಂಪ್ಯೂಟರಿನ ಡೊಳ್ಳನ್ನು ಹುಡುಗ ಅಳಿಸಿಹಾಕಿದ.

ಹಾಡು ಶುಕ್ರವಾರ ಬೆಳಗ್ಗೆ ಹೋಯಿತು. ಸೊಸೈಟಿ ಅರ್ಜಿ ಇನ್ನೂ ಕೀಬೋರ್ಡಿನ ಕೆಳಗೇ ಇದೆ. ಜಾಮೀನು ಹಾಕಿದ್ದ ಭಾವ ಮಾತ್ರ ನಾಲ್ಕು ದಿನದಿಂದ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರಂತೆ.